ದೇಶದ ಆದಾಯ ಎಣಿಸಿದ ವಿ.ಕೆ.ಆರ್.ವಿ. ರಾವ್

ಬ್ರಹ್ಮಗಿರಿ ಎಂದರೆ ಎಲ್ಲರಿಗೂ ಅಶೋಕನ ಶಾಸನ ನೆನಪಾಗುತ್ತದೆ. ಇತಿಹಾಸ ಸಂಶೋಧಕರು ಅದನ್ನು ಹುಡುಕಿಕೊಂಡು ಬರುತ್ತಾರೆ. ಅರ್ಥಶಾಸ್ತ್ರದ ಸಂಶೋಧನೆಗೂ ನಮ್ಮ ಸೀಮೆಯಲ್ಲಿ ಬೇಕಾದಷ್ಟು ವಿಷಯವಿದೆ. ಆ ದಾರಿ ಹಿಡಿಯುವ ನಮ್ಮ ಶಾಲೆಯ ಮಕ್ಕಳು ಮೊದಲು ಯಾರನ್ನು ಓದಬೇಕೆಂದರೆ ನಾನು ಡಾ. ವಿ.ಕೆ.ಆರ್.ವಿ. ರಾವ್ ಅವರ ಹೆಸರು ಹೇಳುತ್ತೇನೆ. ಪಕ್ಕದ ಬಳ್ಳಾರಿಯಿಂದ 1967 ಮತ್ತು 1971ರಲ್ಲಿ ಲೋಕಸಭೆಗೆ ಆರಿಸಿಬಂದವರು ಅವರು.

ರಾವ್ ಅವರು 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿಯಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಪ್ರಸಿದ್ಧ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಶಿಷ್ಯರಾದರು. ಡಾಕ್ಟರೇಟ್‌ಗೆ ಆರಿಸಿಕೊಂಡ ವಿಷಯ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ. ದಾದಾಭಾಯಿ ನವರೋಜಿ ಅವರು 1867-68ಕ್ಕೆ ತಲಾ ಆದಾಯ 20 ರೂಪಾಯಿ ಎಂದು ಅಂದಾಜು ಮಾಡಿದ್ದರು. ರಾವ್ ಅವರು 1931-32ಕ್ಕೆ 62 ರೂಪಾಯಿ ಎಂದು ಲೆಕ್ಕ ಹಾಕಿದರು. ಬೆಳೆ, ಹಾಲು ಮುಂತಾದವನ್ನು ಇಳುವರಿ ಮತ್ತು ಬೆಲೆಯಿಂದಲೂ, ಕಸುಬುದಾರರು, ವ್ಯಾಪಾರಿಗಳು, ನೌಕರರನ್ನು ಅವರ ಗಳಿಕೆಯಿಂದಲೂ ಎಣಿಸಿ, ಎರಡು ವಿಧಾನಗಳನ್ನು ಒಂದುಗೂಡಿಸಿದ್ದು ಅವರ ಹೆಚ್ಚುಗಾರಿಕೆ. 1940ರಲ್ಲಿ ಅದು ಪುಸ್ತಕವಾಯಿತು.

ಆ ಲೆಕ್ಕದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಸೇರಿತ್ತು. ಮೈಸೂರು ಸಂಸ್ಥಾನದಲ್ಲಿದ್ದ ಚಳ್ಳಕೆರೆ, ಮೊಳಕಾಲ್ಮೂರು ಸೇರಿರಲಿಲ್ಲ. ಯಾವ ಅಂಕಿಯನ್ನೇ ನೋಡಲಿ, ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಮೊದಲು ಕೇಳಬೇಕು. ದಿನವೂ ಕಂಪ್ಯೂಟರಿನಲ್ಲಿ ಅಂಕಿ-ಅಂಶಗಳ ಜೊತೆ ಕೆಲಸ ಮಾಡುವ ನನಗೂ ಇದೇ ಮೊದಲ ಪಾಠ.

1952ರಲ್ಲಿ ಬರೆದ ಪ್ರಬಂಧದಲ್ಲಿ ರಾವ್ ಅವರು ತಮ್ಮ ಗುರುವಿನ ಸಿದ್ಧಾಂತವನ್ನೇ ಪರೀಕ್ಷೆಗೆ ಒಡ್ಡಿದರು. ಕೈಗಾರಿಕಾ ದೇಶದಲ್ಲಿ ಸರ್ಕಾರ ಹೆಚ್ಚು ಖರ್ಚು ಮಾಡಿದರೆ, ಸುಮ್ಮನೆ ನಿಂತ ಯಂತ್ರಗಳು ತಿರುಗಿ ಉದ್ಯೋಗ ಹೆಚ್ಚುತ್ತದೆ ಎಂಬುದು ಕೇನ್ಸ್ ವಾದ. ಬೇಸಾಯವನ್ನೇ ನಂಬಿದ ಬಡ ದೇಶದಲ್ಲಿ ಉತ್ಪಾದನೆ ಅಷ್ಟು ಬೇಗ ಏರುವುದಿಲ್ಲ, ಬೆಲೆಯೇ ಏರುತ್ತದೆ ಎಂದು ರಾವ್ ತೋರಿಸಿದರು. ಮಳೆ ಬಾರದಿದ್ದರೆ ಜೇಬಿನಲ್ಲಿ ಹಣವಿದ್ದರೂ ಶೇಂಗಾ ಇಳುವರಿ ಹೆಚ್ಚದೆಂಬುದು ನಮ್ಮ ರೈತರಿಗೆ ಗೊತ್ತಿರುವ ಮಾತೇ.

ಅವರು ಕಟ್ಟಿದ ಸಂಸ್ಥೆಗಳೂ ದೊಡ್ಡವು: 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ಆರ್ಥಿಕ ಬೆಳವಣಿಗೆ ಸಂಸ್ಥೆ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಯೋಜನಾ ಆಯೋಗದ ಸದಸ್ಯರಾಗಿ, ಕೇಂದ್ರದ ಶಿಕ್ಷಣ ಸಚಿವರಾಗಿ ದುಡಿದರು. 1974ರಲ್ಲಿ ಪದ್ಮವಿಭೂಷಣ ಬಂದಿತು. 1991ರ ಜುಲೈ 25ರಂದು ನಿಧನರಾದರು.

ಆಸಕ್ತರು ಮೊದಲು 1952ರ ಪ್ರಬಂಧ ಓದಲಿ, ಅದು ಚಿಕ್ಕದು. ಆಮೇಲೆ 1940ರ ಪುಸ್ತಕ ಹಿಡಿಯಲಿ. ಓದುತ್ತಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ: ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆಯ ಬೆಲೆಯಲ್ಲಿ ನೇಕಾರರ ಕೈಗೆ ಎಷ್ಟು ಸೇರುತ್ತದೆ? ಕುರಿ ಕಾಯುವವರ ವರ್ಷದ ಗಳಿಕೆ ಎಷ್ಟು? ಮಳೆ ಕೈಕೊಟ್ಟ ವರ್ಷ ಯಾವ ಮನೆಗಳು ಗುಳೆ ಹೋಗುತ್ತವೆ? ಈ ಲೆಕ್ಕವನ್ನು ಮನೆಮನೆಗೆ ಹೋಗಿ, ಅವರ ಮಾತಿನಲ್ಲೇ ಕೇಳಿ ಬರೆಯಲು ನಮ್ಮ ಶಾಲೆಯ ಮಕ್ಕಳಿಗಿಂತ ಬಲ್ಲವರು ಬೇರೆ ಯಾರಿದ್ದಾರೆ?