ಖುಷಿಯಾದರೆ ಹಲ್ಲು ತೋರಿಸುವುದೇಕೆ? ನಗುವಿಗೆ ಕರೆಂಟ್ ಹಾಯಿಸಿ ನೋಡಿದ ಡಾಕ್ಟರ್ ಡುಶೆನ್ ಕಥೆ

ನಾಯಿ ಹಲ್ಲು ತೋರಿಸಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಮಗು ಹಲ್ಲು ತೋರಿಸಿದರೆ ಎತ್ತಿಕೊಂಡು ಮುದ್ದಾಡುತ್ತೇವೆ. ಎರಡೂ ಕಡೆ ಕಾಣುವುದು ಹಲ್ಲೇ. ಹಾಗಾದರೆ ಒಂದು ಸಿಟ್ಟು, ಇನ್ನೊಂದು ಸಂತೋಷ ಆಗಿದ್ದು ಹೇಗೆ?

ಈ ವಿಷಯದ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳು ಒಂದೆರಡಲ್ಲ. ನಗಲು 17 ಸ್ನಾಯು ಸಾಕು, ಮುಖ ಗಂಟಿಕ್ಕಲು 43 ಬೇಕು ಎನ್ನುವುದು ಒಂದು. ಕಣ್ಣಂಚಿನಲ್ಲಿ ಸುಕ್ಕು ಮೂಡಿದರೆ ಅಸಲಿ ನಗು, ಮೂಡದಿದ್ದರೆ ನಕಲಿ, ಹಾಗಾಗಿ ಎದುರಿನವರು ಮೋಸ ಮಾಡುತ್ತಿದ್ದಾರಾ ಎಂದು ಕಣ್ಣು ನೋಡಿಯೇ ಹೇಳಬಹುದು ಎನ್ನುವುದು ಇನ್ನೊಂದು. ಈ ಎರಡನೆಯ ಮಾತಿನ ಬೇರು ಹುಡುಕಿಕೊಂಡು ಹೋದರೆ ನಾವು ಸುಮಾರು 170 ವರ್ಷ ಹಿಂದಿನ ಪ್ಯಾರಿಸ್‌ಗೆ, ಒಬ್ಬ ಡಾಕ್ಟರ್ ಬಳಿಗೆ ಬಂದು ನಿಲ್ಲುತ್ತೇವೆ. ಅವರ ಹೆಸರು ಗಿಯೋಮ್ ಡುಶೆನ್. ಅವರು ನಿಜವಾಗಿ ಏನು ಕಂಡುಹಿಡಿದರು, ಫಾರ್ವರ್ಡ್‌ಗಳು ಅದನ್ನು ಎಲ್ಲಿ ತಿರುಚಿದವು ಎನ್ನುವುದನ್ನು ಇಲ್ಲಿ ನೋಡೋಣ.

ಸಮುದ್ರ ಬಿಟ್ಟು ಡಾಕ್ಟರಾದ ಹುಡುಗ

ಡುಶೆನ್ ಹುಟ್ಟಿದ್ದು 1806ರಲ್ಲಿ, ಫ್ರಾನ್ಸ್‌ನ ಉತ್ತರ ಕರಾವಳಿಯ ಬುಲೋನ್ ಎಂಬ ಬಂದರು ಊರಿನಲ್ಲಿ. ಮನೆತನದವರೆಲ್ಲ ಮೀನುಗಾರಿಕೆ, ಹಡಗು ಎಂದು ಸಮುದ್ರವನ್ನೇ ನಂಬಿದವರು. ತಂದೆ ಹಡಗಿನ ಕ್ಯಾಪ್ಟನ್. ಮಗನೂ ಅದೇ ದಾರಿ ಹಿಡಿಯಲಿ ಎಂಬುದು ತಂದೆಯ ಆಸೆ. ಮಗ ಮಾತ್ರ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದಿದರು. 1831ರಲ್ಲಿ ಪದವಿ ಪಡೆದು ಊರಿಗೆ ಮರಳಿ, ಮದುವೆಯಾಗಿ, ಪ್ರಾಕ್ಟೀಸ್ ಶುರುಮಾಡಿದರು.

ನಗುವಿನ ಗುಟ್ಟು ಹುಡುಕಿದ ಈ ಮನುಷ್ಯನ ಸ್ವಂತ ಬದುಕಿನಲ್ಲಿ ನಗುವಿಗೆ ಜಾಗ ಕಡಿಮೆಯೇ ಇತ್ತು. ಮದುವೆಯಾದ ಎರಡೇ ವರ್ಷಕ್ಕೆ ಹೆಂಡತಿ ಬಾಣಂತಿ ಜ್ವರದಿಂದ ತೀರಿಕೊಂಡರು. ಹೆರಿಗೆಯ ಹೊತ್ತಿನಲ್ಲಿ ಡುಶೆನ್ ಒಬ್ಬರೇ ಇದ್ದರು ಎಂಬ ಕಾರಣಕ್ಕೆ ಊರಲ್ಲಿ ಇಲ್ಲಸಲ್ಲದ ಗುಸುಗುಸು ಹಬ್ಬಿತು. ಮಗು ಎಮಿಲ್‌ನನ್ನು ಹೆಂಡತಿಯ ತವರಿನವರು ಸಾಕಿದರು. ತಂದೆ-ಮಗನ ನಡುವೆ ವರ್ಷಗಟ್ಟಲೆ ಸಂಪರ್ಕವೇ ಇರಲಿಲ್ಲ. 1842ರಲ್ಲಿ ಡುಶೆನ್ ಊರು ಬಿಟ್ಟು ಮತ್ತೆ ಪ್ಯಾರಿಸ್ ಸೇರಿದರು.

ಕೆಲಸವಿಲ್ಲ, ಕೈಯಲ್ಲೊಂದು ಕರೆಂಟ್ ಪೆಟ್ಟಿಗೆ

ಪ್ಯಾರಿಸ್‌ನಲ್ಲಿ ಅವರಿಗೆ ಯಾವ ಆಸ್ಪತ್ರೆಯಲ್ಲೂ ಹುದ್ದೆ ಸಿಗಲಿಲ್ಲ. ಇದ್ದದ್ದು ಎತ್ತಿಕೊಂಡು ಓಡಾಡಬಹುದಾದ ಒಂದು ವಿದ್ಯುತ್ ಯಂತ್ರ. 1831ರಲ್ಲಿ ಮೈಕೇಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದಿದ್ದರು. ಅದೇ ತತ್ವದ ಸುರುಳಿ ಬಳಸಿದ ಯಂತ್ರ ಅದು. ಚರ್ಮಕ್ಕೆ ಸೂಜಿ ಚುಚ್ಚುವ ಬದಲು ಒದ್ದೆ ಮಾಡಿದ ಎಲೆಕ್ಟ್ರೋಡ್‌ಗಳನ್ನು ಚರ್ಮದ ಮೇಲೆ ಒತ್ತಿದರೆ, ಕೆಳಗಿರುವ ಒಂದೇ ಒಂದು ಸ್ನಾಯುವನ್ನು ಕುಣಿಸಬಹುದು ಎಂದು ಡುಶೆನ್ ಕಂಡುಕೊಂಡರು.

ಪೆಟ್ಟಿಗೆ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಲಕ್ವ ಹೊಡೆದವರು, ಕೈಕಾಲು ಸೋತವರು, ಕಾರಣ ತಿಳಿಯದೆ ಸೊರಗುತ್ತಿದ್ದವರು, ಹೀಗೆ ಒಬ್ಬೊಬ್ಬರನ್ನೂ ವರ್ಷಗಟ್ಟಲೆ ಗಮನಿಸಿ ಬರೆದಿಟ್ಟರು. ಊರಿನ ಕಡೆಯ ಈ ಡಾಕ್ಟರನ್ನು ಮೊದಮೊದಲು ವಿಚಿತ್ರವಾಗಿ ನೋಡಿದವರೇ ಹೆಚ್ಚು. ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಮಾತ್ರ ಅವರನ್ನು ಗುರು ಎಂದೇ ಗೌರವಿಸಿದರು. ಮುಂದೆ ಶಾರ್ಕೋ ನರರೋಗ ವಿಜ್ಞಾನದ ದೊಡ್ಡ ಹೆಸರಾದರು.

ಬೊಚ್ಚುಬಾಯಿಯ ಮುದುಕ

ಮುಖದ ಸ್ನಾಯುಗಳ ಮೇಲೆ ಪ್ರಯೋಗ ಮಾಡಲು ಒಂದು ತೊಡಕಿತ್ತು. ಕರೆಂಟ್ ತಾಗಿದರೆ ನೋವಾಗುತ್ತದೆ, ನೋವಾದರೆ ಮುಖ ತಾನಾಗಿಯೇ ಕಿವುಚಿಕೊಳ್ಳುತ್ತದೆ. ಆಗ ಯಾವ ಸ್ನಾಯು ಏನು ಮಾಡಿತೆಂದು ತಿಳಿಯುವುದಿಲ್ಲ. ಇದಕ್ಕೆ ಪರಿಹಾರವಾಗಿ ಸಿಕ್ಕವರು ಬೂಟು ಹೊಲಿಯುತ್ತಿದ್ದ ಒಬ್ಬ ಮುದುಕ. ಕಾಯಿಲೆಯಿಂದಾಗಿ ಅವರ ಮುಖದ ಚರ್ಮಕ್ಕೆ ಸ್ಪರ್ಶಜ್ಞಾನ ಹೆಚ್ಚುಕಮ್ಮಿ ಇರಲೇ ಇಲ್ಲ. ಬಾಯಲ್ಲಿ ಹಲ್ಲೂ ಇರಲಿಲ್ಲ. ಮುಖ ಬಡಕಲು, ಸುಕ್ಕುಸುಕ್ಕು. ಅದೂ ಅನುಕೂಲವೇ ಆಯಿತು, ಏಕೆಂದರೆ ಸ್ನಾಯು ಸ್ವಲ್ಪ ಅಲುಗಿದರೂ ಗೆರೆ ಸ್ಪಷ್ಟವಾಗಿ ಮೂಡುತ್ತಿತ್ತು.

1850ರ ದಶಕದಲ್ಲಿ ಫೋಟೊ ತೆಗೆಯುವುದು ಈಗಿನಂತೆ ಕ್ಷಣದ ಕೆಲಸವಲ್ಲ. ಕ್ಯಾಮೆರಾ ಮುಂದೆ ಕೆಲವು ಸೆಕೆಂಡ್ ಅಲುಗಾಡದೆ ಇರಬೇಕು. ಸಹಜ ನಗು ಅಷ್ಟು ಹೊತ್ತು ನಿಲ್ಲುವುದಿಲ್ಲ. ಆದರೆ ಕರೆಂಟ್ ಕೊಟ್ಟರೆ ಮುಖಭಾವವನ್ನು ಹಿಡಿದು ನಿಲ್ಲಿಸಬಹುದಿತ್ತು. ಛಾಯಾಗ್ರಾಹಕ ಆಡ್ರಿಯನ್ ಟೂರ್ನಶಾನ್ ನೆರವಿನಿಂದ ಶುರುವಾದ ಈ ಚಿತ್ರಗಳು 1862ರಲ್ಲಿ ಡುಶೆನ್ ಪುಸ್ತಕವಾಗಿ ಬಂದವು.

ಆ ಚಿತ್ರಗಳಲ್ಲೇ ನಗುವಿನ ವಿಷಯ ಹೊರಬಿದ್ದದ್ದು. ಕೆನ್ನೆಯ ಮೂಳೆಯಿಂದ ತುಟಿಯಂಚಿಗೆ ಬರುವ ಒಂದು ಸ್ನಾಯು ಇದೆ. ಅದರ ಹೆಸರು ಝೈಗೋಮ್ಯಾಟಿಕಸ್ ಮೇಜರ್. ಅದಕ್ಕೆ ಕರೆಂಟ್ ಕೊಟ್ಟರೆ ತುಟಿಯಂಚು ಮೇಲಕ್ಕೆ ಎಳೆದುಕೊಂಡು ನಗುವಿನ ಆಕಾರ ಬರುತ್ತದೆ. ಆದರೂ ಏನೋ ಕೊರತೆ. ಅದೇ ಮುದುಕ ನಿಜವಾಗಿ ನಕ್ಕಾಗ ಕಣ್ಣಿನ ಸುತ್ತ ಇರುವ ಆರ್ಬಿಕ್ಯುಲಾರಿಸ್ ಆಕ್ಯುಲೈ ಎಂಬ ಸ್ನಾಯುವೂ ಬಿಗಿಯಾಗಿ, ಕೆನ್ನೆ ಮೇಲೆದ್ದು, ಕಣ್ಣು ಕಿರಿದಾಗುತ್ತಿತ್ತು. ಬಾಯಿಯ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣಿನದು ಮನಸ್ಸು ಅರಳಿದಾಗ ಮಾತ್ರ ಎದ್ದೇಳುತ್ತದೆ ಎಂದು ಡುಶೆನ್ ತೀರ್ಮಾನಿಸಿದರು.

ಇಲ್ಲೊಂದು ವಿಷಯ ಗಮನಿಸಿ. ವಿಜ್ಞಾನದ ಇತಿಹಾಸದ ಅತಿ ಪ್ರಸಿದ್ಧ ನಗುವಿನಲ್ಲಿ ಒಂದು ಹಲ್ಲೂ ಇಲ್ಲ. ಆದರೂ ಅದು ನಗುವೆಂದು ಯಾರಿಗಾದರೂ ಗೊತ್ತಾಗುತ್ತದೆ.

ಡಾರ್ವಿನ್ ಕೈಗೆ ಬಂದ ಫೋಟೊಗಳು

ಡುಶೆನ್ ದೈವಭಕ್ತರು. ಮನುಷ್ಯರೆಲ್ಲ ಒಬ್ಬರ ಮನಸ್ಸನ್ನು ಇನ್ನೊಬ್ಬರು ಓದಲೆಂದು ಸೃಷ್ಟಿಕರ್ತನೇ ಮುಖದಲ್ಲಿ ಒಂದೊಂದು ಭಾವಕ್ಕೆ ಒಂದೊಂದು ಸ್ನಾಯು ಇಟ್ಟಿದ್ದಾನೆ ಎಂದು ನಂಬಿದ್ದರು. ಅವರ ಫೋಟೊಗಳನ್ನು ಚಾರ್ಲ್ಸ್ ಡಾರ್ವಿನ್ ಬಳಸಿಕೊಂಡದ್ದು ಬೇರೆಯದೇ ವಾದಕ್ಕೆ. ನಮ್ಮ ಮುಖಭಾವಗಳು ಪ್ರಾಣಿ ಪೂರ್ವಜರಿಂದ ಬಂದವು ಎಂದು ಅವರು 1872ರ ಪುಸ್ತಕದಲ್ಲಿ ವಾದಿಸಿದರು.

ಡಾರ್ವಿನ್ ಒಂದು ಪರೀಕ್ಷೆಯನ್ನೂ ಮಾಡಿದರು. ಮುದುಕನ ಕರೆಂಟ್ ನಗುವಿನ ಫೋಟೊವನ್ನು 24 ಜನರಿಗೆ ತೋರಿಸಿದರು. ಮೂವರಿಗೆ ಅದು ಏನೆಂದೇ ತಿಳಿಯಲಿಲ್ಲ. ಉಳಿದವರು ನಗುವಿನಂಥದ್ದೇನೋ ಎಂದು ಗುರುತಿಸಿದರೂ, ಕುಹಕದ ನಗು, ನಗಲು ಪ್ರಯತ್ನಿಸುತ್ತಿರುವುದು ಎಂಬ ಧಾಟಿಯಲ್ಲಿ ಉತ್ತರಿಸಿದರು. ಬಾಯಷ್ಟೇ ನಕ್ಕರೆ ನೋಡುವವರಿಗೆ ಸಮಾಧಾನವಾಗುವುದಿಲ್ಲ ಎಂಬ ಡುಶೆನ್ ಮಾತಿಗೆ ಇದು ಬಲ ಕೊಟ್ಟಿತು.

ಹಾಗಾದರೆ ಹಲ್ಲು ಏಕೆ?

ಇದಕ್ಕೆ ಉತ್ತರದ ದಾರಿ ತೋರಿಸಿದ್ದು ಕೋತಿ, ಚಿಂಪಾಂಜಿಗಳನ್ನು ಗಮನಿಸಿದವರು. ಡಚ್ ವಿಜ್ಞಾನಿ ಯಾನ್ ವಾನ್ ಹೂಫ್ 1972ರಲ್ಲಿ ಮುಂದಿಟ್ಟ ವಿವರಣೆಗೆ ಇಂದಿಗೂ ಹೆಚ್ಚು ಮನ್ನಣೆ ಇದೆ. ಹಲವು ಜಾತಿಯ ಮಂಗಗಳಲ್ಲಿ, ಬಲಶಾಲಿ ಮಂಗ ಹತ್ತಿರ ಬಂದಾಗ ದುರ್ಬಲ ಮಂಗ ತುಟಿಯನ್ನು ಹಿಂದಕ್ಕೆಳೆದು, ಸದ್ದಿಲ್ಲದೆ ಹಲ್ಲು ತೋರಿಸುತ್ತದೆ. ಅದರ ಅರ್ಥ ಸಿಟ್ಟಲ್ಲ. ನಾನು ಜಗಳಕ್ಕಿಲ್ಲ, ನನ್ನನ್ನು ಬಿಟ್ಟುಬಿಡು ಎಂಬ ಸೂಚನೆ. ಚಿಂಪಾಂಜಿಗಳಲ್ಲಿ ಇದೇ ಮುಖ ಇನ್ನೂ ಮುಂದೆ ಹೋಗಿ, ಗೆಳೆತನ ಮತ್ತು ಧೈರ್ಯ ಹೇಳುವ ಸಂಕೇತವೂ ಆಗಿದೆ. ನಮ್ಮ ಮುಗುಳ್ನಗೆ ಈ ಸಾಲಿನ ಮುಂದುವರಿಕೆ ಎನ್ನುವುದು ವಾದ. ಬಾಯಿ ತೆರೆದು ಗಹಗಹಿಸುವ ನಗುವಿನ ಮೂಲ ಬೇರೆ. ಅದು ಆಟವಾಡುವಾಗ, ಕಚಗುಳಿ ಇಟ್ಟಾಗ ಮರಿಗಳು ತೋರಿಸುವ ತೆರೆದ ಬಾಯಿಯಿಂದ ಬಂದದ್ದು.

ಕನ್ನಡದಲ್ಲೂ ಈ ಹಳೆಯ ನಂಟಿನ ಸುಳಿವಿದೆ. ಹಲ್ಲು ಗಿಂಜುವುದು ಎಂದರೆ ಏನು? ಬಲವುಳ್ಳವರ ಮುಂದೆ ದೈನ್ಯದಿಂದ ಬೇಡಿಕೊಳ್ಳುವುದು. ಅಲ್ಲಿರುವುದು ಹಲ್ಲೇ, ಆದರೆ ಖುಷಿಯಲ್ಲ.

ಇನ್ನು ನಾಯಿಯ ವಿಷಯ. ಗುರ್ ಎನ್ನುವ ನಾಯಿ ಮೇಲ್ತುಟಿಯನ್ನು ಮೇಲಕ್ಕೆತ್ತಿ ಕೋರೆಹಲ್ಲು ತೋರಿಸುತ್ತದೆ. ನಗುವಾಗ ನಾವು ತುಟಿಯಂಚನ್ನು ಹಿಂದಕ್ಕೂ ಮೇಲಕ್ಕೂ ಎಳೆಯುತ್ತೇವೆ. ಎಳೆಯುವ ದಿಕ್ಕೇ ಬೇರೆ, ಸಂದೇಶವೂ ಬೇರೆ. ಹಾಗೆಯೇ ಬೆಟ್ಟದಲ್ಲೋ ದೇವಸ್ಥಾನದ ಹತ್ತಿರವೋ ಮಂಗ ಹಲ್ಲು ಕಿರಿದರೆ ಅದು ನಿಮ್ಮ ಸೆಲ್ಫಿಗೆ ಪೋಸ್ ಕೊಡುತ್ತಿದೆ ಎಂದುಕೊಳ್ಳಬೇಡಿ. ಅದು ಹೆದರಿರಬಹುದು. ಹೆದರಿದ ಪ್ರಾಣಿ ಕಚ್ಚಲೂಬಹುದು, ದೂರ ಸರಿಯಿರಿ.

ಫಾರ್ವರ್ಡ್‌ಗಳು ಎಡವಿದ್ದೆಲ್ಲಿ?

17 ಮತ್ತು 43ರ ಲೆಕ್ಕಕ್ಕೆ ಆಧಾರವಿಲ್ಲ. ನಗು ಒಂದೇ ಬಗೆಯದಲ್ಲ, ಸಿಟ್ಟೂ ಒಂದೇ ಬಗೆಯದಲ್ಲ, ಹಾಗಾಗಿ ಇಂತಿಷ್ಟೇ ಸ್ನಾಯು ಎಂದು ಎಣಿಸಿ ಹೇಳಲಾಗದು. ಚಿಕ್ಕ ಮುಗುಳ್ನಗೆಗೆ ಮುಖ್ಯವಾಗಿ ಕೆನ್ನೆಯ ಎರಡು ಬದಿಯ ಒಂದೊಂದು ಸ್ನಾಯು ಸಾಕು.

ಎರಡನೆಯದು, ಕಣ್ಣಂಚಿನ ಸುಕ್ಕು. ಡುಶೆನ್ ತೀರಿಕೊಂಡು ನೂರು ವರ್ಷ ದಾಟಿದ ಮೇಲೆ, ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಮತ್ತು ಸಂಗಡಿಗರು ಕಣ್ಣೂ ಸೇರಿದ ನಗುವಿಗೆ ಡುಶೆನ್ ನಗು ಎಂದು ಹೆಸರಿಟ್ಟರು. ಆದರೆ ನಂತರದ ಅಧ್ಯಯನಗಳಲ್ಲಿ ಒಂದು ಸಂಗತಿ ಹೊರಬಂತು. ಬಹಳಷ್ಟು ಜನ ಕಣ್ಣಿನ ಸುಕ್ಕನ್ನೂ ಬೇಕೆಂದಾಗ ತರಿಸಬಲ್ಲರು. ಬಾಯಿ ಅಗಲಿಸಿ ಜೋರಾಗಿ ನಕ್ಕರೆ ಕೆನ್ನೆ ಮೇಲೆದ್ದು ಸುಕ್ಕು ತಾನಾಗಿಯೇ ಬೀಳುತ್ತದೆ. ಅಂದರೆ ಡುಶೆನ್ ಗುರುತಿಸಿದ ವ್ಯತ್ಯಾಸ ನಿಜ, ಆದರೆ ಅದು ಸುಳ್ಳು ಹಿಡಿಯುವ ಯಂತ್ರವಲ್ಲ. ಈ ಒಂದು ಗುರುತು ನೋಡಿ ಸೊಸೆಯನ್ನೋ ಗೆಳೆಯನನ್ನೋ ಸಂದರ್ಶನಕ್ಕೆ ಬಂದ ಅಭ್ಯರ್ಥಿಯನ್ನೋ ಅಳೆಯುವುದು ಅನ್ಯಾಯ.

ಮುಖ ನಗದಿದ್ದರೆ ಮನಸ್ಸೂ ನಗುತ್ತಿಲ್ಲವೆಂದಲ್ಲ

ಡುಶೆನ್ ಕೆಲಸದಿಂದ ನಮಗೆ ನಿಜಕ್ಕೂ ಉಪಯೋಗಕ್ಕೆ ಬರುವ ಪಾಠ ಬೇರೆ ಇದೆ. ಬೇಕೆಂದು ನಗುವುದಕ್ಕೂ ತಾನಾಗಿ ಬರುವ ನಗುವಿಗೂ ಮೆದುಳಿನಲ್ಲಿ ದಾರಿ ಒಂದೇ ಅಲ್ಲ. ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿ ತಾನಾಗಿ ಬರುವ ನಗು ಕುಗ್ಗಿ, ಮುಖ ಮುಖವಾಡದಂತೆ ಕಾಣಬಹುದು. ಅಜ್ಜ ಯಾವಾಗಲೂ ಸಿಡುಕುಮೋರೆ ಹಾಕಿಕೊಂಡಿರುತ್ತಾರೆ ಎಂದು ಮನೆಯವರು ಬೇಸರಪಡುತ್ತಾರೆ, ಅಜ್ಜ ಒಳಗೆ ಖುಷಿಯಾಗಿಯೇ ಇರಬಹುದು.

ಪಾರ್ಶ್ವವಾಯುವಿನಲ್ಲಿ ಇದು ಉಲ್ಟಾ ಆಗಬಹುದು. ನಗಿ ಎಂದು ಹೇಳಿದರೆ ಅರ್ಧ ಮುಖ ಜೋತುಬೀಳುತ್ತದೆ, ತಮಾಷೆಗೆ ನಕ್ಕಾಗ ಎರಡೂ ಬದಿ ಸರಿಯಾಗಿಯೇ ಕಾಣಬಹುದು. ಹಾಗಾಗಿ ಒಬ್ಬರ ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಕೈ ಎತ್ತಲಾಗುತ್ತಿಲ್ಲ ಎನಿಸಿದರೆ ಹಲ್ಲು ಕಾಣುವಂತೆ ನಗಲು ಹೇಳಿ ನೋಡಿ. ಈ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ. ಆಮೇಲೆ ನಕ್ಕರಲ್ಲ, ಸರಿಹೋಯಿತು ಎಂದು ಸುಮ್ಮನಾಗಬೇಡಿ.

ಕೊನೆಯ ವರ್ಷಗಳು

1860ರ ದಶಕದಲ್ಲಿ ಡುಶೆನ್ ಇನ್ನೊಂದು ಕಾಯಿಲೆಯನ್ನು ವಿವರವಾಗಿ ದಾಖಲಿಸಿದರು. ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುವ, ಮೀನಖಂಡ ದಪ್ಪಗೆ ಕಂಡರೂ ಕಾಲಿನ ಶಕ್ತಿ ಕುಗ್ಗುತ್ತಾ ಹೋಗುವ ಸ್ನಾಯುಕ್ಷಯ ಅದು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂದು ಇಂದಿಗೂ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಬಹಳ ವರ್ಷ ದೂರವೇ ಇದ್ದ ಮಗ ಎಮಿಲ್ ಕೊನೆಗೂ ತಂದೆಯ ಬಳಿ ಬಂದು, ತಾನೂ ಡಾಕ್ಟರಾಗಿ ಜೊತೆಗೆ ಕೆಲಸ ಮಾಡಿದರು. ಆ ಸಂತೋಷವೂ ಬಹುಕಾಲ ಉಳಿಯಲಿಲ್ಲ. 1870–71ರ ಸುಮಾರಿಗೆ ಎಮಿಲ್ ಟೈಫಾಯ್ಡ್‌ಗೆ ಬಲಿಯಾದರು. ಡುಶೆನ್ ತಮ್ಮ ಫೋಟೊ ಸಂಗ್ರಹವನ್ನು ಪ್ಯಾರಿಸ್‌ನ ಕಲಾಶಾಲೆಗೆ ಕೊಟ್ಟು, 1875ರಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಬೊಚ್ಚುಬಾಯಿಯ ಆ ಮುದುಕನ ಚಿತ್ರಗಳು ಇಂದಿಗೂ ಅಲ್ಲಿವೆ.

ಮುಂದಿನ ಬಾರಿ ನಕಲಿ ನಗು ಪತ್ತೆಹಚ್ಚುವ ಉಪಾಯದ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಅದರ ಬದಲು ಪಾರ್ಶ್ವವಾಯು ಗುರುತಿಸಲು ನಗಲು ಹೇಳಿ ನೋಡುವ ಸಂಗತಿಯನ್ನು ಕಳುಹಿಸಿ. ಯಾರದಾದರೂ ಜೀವ ಉಳಿಸಲು ಅದು ನೆರವಾಗಬಹುದು.