ಎರಡು ಪೈಸೆಯ ಶಾಲೆ: ಕುದ್ಮುಲ್ ರಂಗರಾಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಪರಿಚಯ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಬೇರೆ ಹೆಸರು ಹೊಳೆಯಲಿಲ್ಲ. ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲ ಪ್ರತಿ ಜೂನ್ ತಿಂಗಳು ಶಾಲೆ ಬಿಟ್ಟ ಮಕ್ಕಳ ಮನೆಗಳಿಗೆ ನಾವು ಶಿಕ್ಷಕರು ಹೋಗುತ್ತಿದ್ದೆವು. ಹುಡುಗಿ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ತಾಯಿ ಬೀಡಿ ಕಟ್ಟುವ ಕೈ ನಿಲ್ಲಿಸದೆ ನಮ್ಮೊಡನೆ ಮಾತಾಡುತ್ತಿದ್ದರು. ಮಗುವನ್ನು ಶಾಲೆಗೆ ಕಳುಹಿಸಿ ಎನ್ನುವುದು ಸುಲಭ. ಅದರಿಂದ ಆ ಮನೆಗಾಗುವ ನಷ್ಟವನ್ನು ತುಂಬುವವರು ಯಾರು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆ ನಮ್ಮ ಜಿಲ್ಲೆಯಲ್ಲೇ ಉತ್ತರ ಕೊಟ್ಟವರು ಕುದ್ಮುಲ್ ರಂಗರಾಯರು.

ಅವರು ಹುಟ್ಟಿದ್ದು 1859ರ ಜೂನ್ 29ರಂದು, ಈಗ ಕೇರಳಕ್ಕೆ ಸೇರಿರುವ ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ಎಳೆಯ ಪ್ರಾಯದಲ್ಲೇ ತಂದೆ ತೀರಿಕೊಂಡಾಗ ಸಂಸಾರದ ಭಾರ ಹೆಗಲಿಗೆ ಬಿತ್ತು. ಮಂಗಳೂರಿಗೆ ಬಂದು ಮೊದಲು ಮಾಸ್ತರರಾದರು, ಆಮೇಲೆ ಓದಿ ವಕೀಲರಾದರು. ಬಡವರ ವಕೀಲರೆಂದು ಹೆಸರು ಬಂತು. ಬ್ರಹ್ಮ ಸಮಾಜಕ್ಕೆ ಸೇರಿದರು. ಕೋರ್ಟಿನಲ್ಲಿ ಜವಾನನಾಗಿ ಸೇರಿದ್ದ ದಲಿತ ಯುವಕನೊಬ್ಬನನ್ನು ಮೇಲ್ಜಾತಿಯವರು ಕಿರುಕುಳ ಕೊಟ್ಟು ಕೆಲಸ ಬಿಡಿಸಿದ ಪ್ರಸಂಗ ಅವರ ಮನಸ್ಸನ್ನು ಕಲಕಿತೆಂದು ನಮ್ಮ ಕಡೆ ಹೇಳುತ್ತಾರೆ. ಓದು ಕಲಿತರೂ ಇಷ್ಟೇ ಎಂದು ಅವರು ಕೈಚೆಲ್ಲಬಹುದಿತ್ತು. ಅವರು ಶಾಲೆಯನ್ನೇ ತೆರೆದರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಆ ಶಾಲೆ ಆರಂಭವಾಯಿತು. ಸುತ್ತಲಿನವರು ಸಹಿಸಲಿಲ್ಲ. ಶಾಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾಯಿತು. ಕೊನೆಗೆ ನೆಲೆ ಸಿಕ್ಕಿದ್ದು ಕೊಡಿಯಾಲಬೈಲಿನ ಕೋರ್ಟ್ ಗುಡ್ಡೆಯಲ್ಲಿ. ಮೇಲ್ಜಾತಿಯ ಮಾಸ್ತರರು ಆ ಮಕ್ಕಳಿಗೆ ಕಲಿಸಲು ಒಪ್ಪಲಿಲ್ಲ. ಕ್ರೈಸ್ತ ಶಿಕ್ಷಕರು ಮುಂದೆ ಬಂದರು, ಅವರಿಗೂ ಕಿರುಕುಳ ತಪ್ಪಲಿಲ್ಲ.

ಕಟ್ಟಡ, ಮಾಸ್ತರರು ಸಿಕ್ಕಿದರೂ ಮಕ್ಕಳು ಬರಬೇಕಲ್ಲ! ದನ ಮೇಯಿಸುವ, ಧಣಿಗಳ ಮನೆಯಲ್ಲಿ ದುಡಿಯುವ ಮಗು ಶಾಲೆಗೆ ಬಂದರೆ ಮನೆಯ ಒಂದು ಹೊತ್ತಿನ ಗಂಜಿಗೆ ಕೊರತೆ. ರಂಗರಾಯರು ಹೆತ್ತವರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡತೊಡಗಿದರು, ಮಧ್ಯಾಹ್ನ ಊಟ ಹಾಕಿದರು. ಈಗಿನ ಮಕ್ಕಳಿಗೆ ಎರಡು ಪೈಸೆಯೆಂದರೆ ನಗು ಬಂದೀತು. ಆಗ ರೂಪಾಯಿಗೆ 64 ಪೈಸೆ. 32 ಮಕ್ಕಳು ಬಂದರೆಂದರೆ ದಿನಕ್ಕೊಂದು ರೂಪಾಯಿ ಬರೀ ಹಾಜರಿಗೇ ಹೋಯಿತು, ಊಟದ ಖರ್ಚು ಬೇರೆ. ಒಬ್ಬ ವಕೀಲರ ಸಂಪಾದನೆಯಿಂದ ಇದನ್ನು ಆರಂಭಿಸುವುದೆಂದರೆ ಸಣ್ಣ ಧೈರ್ಯವಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಗಂಟೆ ಬಾರಿಸಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತಿತ್ತು.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಹಳೆಯ ತಲೆಮಾರಿನವರ ಬಾಯಲ್ಲಿ ಅದು ಡಿ.ಸಿ.ಎಂ. ಅಕ್ಷರದ ಜೊತೆಗೆ ಮಗ್ಗದ ನೇಯ್ಗೆ, ಮರಗೆಲಸ ಬಂತು. ದೂರದ ಮಕ್ಕಳಿಗೆ ಹಾಸ್ಟೆಲ್ ಬಂತು. ಇನ್ನೊಂದು ವಿಷಯ ಅವರಿಗೆ ಬೇಗನೆ ತಿಳಿದಿತ್ತು. ಧಣಿಯ ಜಾಗದ ಗುಡಿಸಲಲ್ಲಿರುವ ಮನೆಯವರು ಧಣಿ ಬೇಡವೆಂದರೆ ಮಗುವನ್ನು ಶಾಲೆಗೆ ಕಳುಹಿಸುವ ಹಾಗಿಲ್ಲ. ಆದ್ದರಿಂದ ಸರಕಾರದ ಬಾಗಿಲು ಬಡಿದು ಮಂಗಳೂರಿನ ಸುತ್ತಮುತ್ತ ಜಾಗ ಪಡೆದು, ಕೊರಗರು ಮೊದಲಾದ ಸಮುದಾಯಗಳ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು. ಗತಿಯಿಲ್ಲದ ಹೆಂಗಸರಿಗೂ ಆಶ್ರಯ ಕೊಟ್ಟರು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ: ಮಗುವನ್ನು ಮನೆಯಿಂದ ಬೇರೆ ಮಾಡಿ ನೋಡಲಿಲ್ಲ.

ಇದಕ್ಕೆ ತೆತ್ತ ಬೆಲೆ ಕಡಿಮೆಯಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಪತ್ನಿ ರುಕ್ಮಿಣಿಯಮ್ಮನವರೂ ಅದನ್ನೆಲ್ಲ ಅವರೊಂದಿಗೆ ಅನುಭವಿಸಿದರು. ಗಂಡಸರ ಸಮಾಜಸೇವೆಯ ಕಥೆಗಳಲ್ಲಿ ಇಂಥವರಿಗೆ ಒಂದು ಸಾಲು ಮಾತ್ರ ಸಿಗುತ್ತದೆ, ನಾನೂ ಅಷ್ಟೇ ಬರೆಯುತ್ತಿದ್ದೇನೆ. ಮಗಳು ರಾಧಾಬಾಯಿಯವರನ್ನು ಜಾತಿ ನೋಡದೆ ತಮಿಳುನಾಡಿನ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ಮದುವೆ ಮಾಡಿದರು. ಆಕೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದವರು. ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕುಮಾರಮಂಗಲಂ ಈ ರಂಗರಾಯರ ಮೊಮ್ಮಗ.

ವಯಸ್ಸಾದ ಮೇಲೆ ಮಿಷನ್ನಿನ ಹೊಣೆಯನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ವಹಿಸಿದರು. 1927ರಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ಊರು ಗುಡಿಸುವ ತೋಟಿಗಳೇ ಹೊರಬೇಕೆಂಬುದು ಅವರ ಇಚ್ಛೆಯಾಗಿತ್ತು. ಆರು ವರ್ಷಗಳ ಬಳಿಕ, 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಸಂಸ್ಥೆಯನ್ನು ನೋಡಿ ಹೋದರು.

ಮಂಗಳೂರಿನ ಪುರಭವನಕ್ಕೆ ಇಂದು ಅವರ ಹೆಸರಿದೆ. ಸಮಾಧಿ ಇರುವುದು ನಂದಿಗುಡ್ಡೆಯ ಬ್ರಹ್ಮ ಸಮಾಜದ ರುದ್ರಭೂಮಿಯಲ್ಲಿ. ತಾವು ಓದಿಸಿದ ಸಮುದಾಯದ ಮಗುವೊಂದು ಸರಕಾರಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಸೆಯನ್ನು ಅಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಮಂಗಳೂರಿಗೆ ಪ್ರವಾಸ ಕರೆದೊಯ್ಯುವ ನಮ್ಮ ಈಗಿನ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಪಿಲಿಕುಳ, ಪಣಂಬೂರು ಎಲ್ಲ ಸರಿಯೇ, ಬಸ್ಸನ್ನು ಅರ್ಧ ಗಂಟೆ ನಂದಿಗುಡ್ಡೆಯಲ್ಲೂ ನಿಲ್ಲಿಸಿ.