ಐಶ್ವರ್ಯವಂತನ ಸಾಲ: ಜೂಲಿಯಸ್ ರೋಸೆನ್‌ವಾಲ್ಡನ ಚರಿತ್ರೆ

ಹಣವುಳ್ಳವನು ಬಡವನಿಗೆ ಕೊಡುವುದು ಉಪಕಾರವೋ, ಸಾಲದ ತೀರುವೆಯೋ? ಉಪಕಾರವಾದರೆ ಕೊಟ್ಟವನು ಹೊಗಳಿಕೆಗೆ ಪಾತ್ರನು, ಕೊಡದವನು ನಿರ್ದೋಷಿಯು. ಸಾಲವಾದರೆ ಕೊಟ್ಟವನು ತನ್ನ ಕರ್ತವ್ಯವನ್ನು ಮಾತ್ರ ಮಾಡಿದನು, ಕೊಡದವನು ಅನ್ಯಾಯಗಾರನು. ಈ ಎರಡನೆಯ ಅಭಿಪ್ರಾಯವನ್ನು ಹಿಡಿದು ನಡೆದ ಒಬ್ಬ ಮಹಾ ಧನವಂತನ ಚರಿತ್ರೆಯನ್ನು ನಾವು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ. ಅವನು ಅಮೇರಿಕಾ ದೇಶದ ಯೆಹೂದ್ಯನಾದ ಜೂಲಿಯಸ್ ರೋಸೆನ್‌ವಾಲ್ಡ್ ಎಂಬವನು.

ಅವನು 1862ನೆಯ ಇಸವಿ ಆಗಸ್ಟ್ 12ರಲ್ಲಿ ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಹುಟ್ಟಿದನು. ಗುಲಾಮರ ಬಿಡುಗಡೆಯನ್ನು ಸಾರಿದ ಅಬ್ರಹಾಂ ಲಿಂಕನನು ಅಧ್ಯಕ್ಷನಾಗುವ ಮುಂಚೆ ವಾಸವಾಗಿದ್ದ ಮನೆಯು ಅದೇ ಪಟ್ಟಣದಲ್ಲಿತ್ತು. ತಂದೆಯಾದ ಸಾಮ್ಯುವೇಲನು ಜರ್ಮನಿಯಿಂದ ಬಂದು, ಮೊದಲು ಊರೂರು ತಿರುಗಿ ಸರಕು ಮಾರಿ, ಕಡೆಗೆ ಬಟ್ಟೆ ಅಂಗಡಿಯನ್ನಿಟ್ಟವನು. ಹುಡುಗನು ಪ್ರೌಢಶಾಲೆಯನ್ನು ಮುಗಿಸದೆ ನ್ಯೂಯಾರ್ಕಿಗೆ ಹೋಗಿ, ತನ್ನ ಸೋದರಮಾವಂದಿರ ಬಳಿಯಲ್ಲಿ ಬಟ್ಟೆ ವ್ಯಾಪಾರವನ್ನು ಕಲಿತನು. 1895ರಲ್ಲಿ ಅವನು ಶಿಕಾಗೋ ಪಟ್ಟಣದ ಸಿಯರ್ಸ್ ರೋಬಕ್ ಕಂಪೆನಿಯಲ್ಲಿ ಪಾಲುಗಾರನಾದನು. ಈ ಕಂಪೆನಿಯು ಸರಕುಗಳ ದೊಡ್ಡ ಪಟ್ಟಿಯನ್ನು ಅಚ್ಚುಹಾಕಿಸಿ ಹಳ್ಳಿಗಳಿಗೆ ಕಳುಹಿಸಿ, ಒಕ್ಕಲಿಗರು ಬರೆದು ಕೇಳಿದ ಬಟ್ಟೆ, ಗಡಿಯಾರ, ಹೊಲಿಗೆಯಂತ್ರ ಮುಂತಾದವುಗಳನ್ನು ಅಂಚೆ ರೈಲುಗಳ ಮೂಲಕ ಮುಟ್ಟಿಸುತ್ತಿತ್ತು. ಲಕ್ಷಾಂತರ ರೈತರ ಸಣ್ಣ ಸಣ್ಣ ಹಣವು ಕೂಡಿ ರೋಸೆನ್‌ವಾಲ್ಡನು ಕೋಟ್ಯಧೀಶನಾದನು. ಅವನ ಐಶ್ವರ್ಯವು ಹಳ್ಳಿಯಿಂದ ಬಂದದ್ದೆಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಅವನಾದರೋ ತನ್ನ ಸಂಪತ್ತಿಗೆ ಬುದ್ಧಿಗಿಂತಲೂ ಅದೃಷ್ಟವೇ ಹೆಚ್ಚಾಗಿ ಕಾರಣವೆಂದು ಬಹಿರಂಗವಾಗಿ ಒಪ್ಪಿಕೊಳ್ಳುತ್ತಿದ್ದನು.

ಶಿಕಾಗೋದ ಯೆಹೂದ್ಯ ಸಭೆಯಲ್ಲಿ ಎಮಿಲ್ ಹಿರ್ಷ್ ಎಂಬ ರಬ್ಬಿಯು ಬೋಧಕನಾಗಿದ್ದನು. ಇಬ್ರಿಯ ಭಾಷೆಯಲ್ಲಿ ದಾನವನ್ನೂ ನೀತಿಯನ್ನೂ ಸೂಚಿಸುವದಕ್ಕೆ ಒಂದೇ ಮಾತು ಸಲ್ಲುತ್ತದೆ. ಇಲ್ಲದವನಿಗೆ ಕೊಡುವುದು ಕರುಣೆಯ ಕೆಲಸವಲ್ಲ, ನ್ಯಾಯದ ಕೆಲಸವೆಂದು ಆ ಬೋಧಕನು ಎಡೆಬಿಡದೆ ಕಲಿಸುತ್ತಿದ್ದನು. ಈ ಬೋಧನೆಯು ರೋಸೆನ್‌ವಾಲ್ಡನ ಹೃದಯದಲ್ಲಿ ನಾಟಿಕೊಂಡಿತು. ಅದರ ಫಲವು ತನ್ನ ಜನಕ್ಕೆ ಮಾತ್ರ ಸೇರಬೇಕೆಂದು ಅವನು ಎಣಿಸಲಿಲ್ಲ. ಯಾವ ಪಟ್ಟಣದವರಾದರೂ ಕಪ್ಪು ಜನರಿಗಾಗಿ ಕ್ರೈಸ್ತ ಯುವಕರ ಸಂಘದ ಕಟ್ಟಡಕ್ಕೆ 75,000 ಡಾಲರ್ ಕೂಡಿಸಿದರೆ ತಾನು 25,000 ಡಾಲರ್ ಕೊಡುವೆನೆಂದು ಅವನು 1910ರ ಕೊನೆಯಲ್ಲಿ ಮಾತುಕೊಟ್ಟು, ಅದನ್ನು ಅನೇಕ ಪಟ್ಟಣಗಳಲ್ಲಿ ನೆರವೇರಿಸಿದನು.

1911ರಲ್ಲಿ ಅವನಿಗೆ ಬೂಕರ್ ವಾಷಿಂಗ್ಟನನ ಪರಿಚಯವಾಯಿತು. ಗುಲಾಮನಾಗಿ ಹುಟ್ಟಿ, ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ ದೊಡ್ಡ ವಿದ್ಯಾಶಾಲೆಯನ್ನು ಕಟ್ಟಿ ಬೆಳೆಸಿದ ಮಹನೀಯನು ಈತನೇ. ಆ ಕಾಲದಲ್ಲಿ ದಕ್ಷಿಣ ಸಂಸ್ಥಾನಗಳ ಕಪ್ಪು ಜನರು ಕೊಟ್ಟ ತೆರಿಗೆಯಲ್ಲಿಯೂ ಒಂದು ಪಾಲು ಬಿಳಿಯರ ಮಕ್ಕಳ ಶಾಲೆಗಳಿಗೆ ಹೋಗುತ್ತಿತ್ತು. ಇವರ ಮಕ್ಕಳು ಮುರಿದ ಗುಡಿಸಲುಗಳಲ್ಲಿಯೂ ದೇವಾಲಯಗಳ ಮೂಲೆಗಳಲ್ಲಿಯೂ ವರುಷಕ್ಕೆ ಕೆಲವೇ ತಿಂಗಳು ಓದುತ್ತಿದ್ದರು. 1912ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬದಲ್ಲಿ ರೋಸೆನ್‌ವಾಲ್ಡನು ಟಸ್ಕೀಗಿಗೆ 25,000 ಡಾಲರ್ ಕೊಟ್ಟಾಗ, ವಾಷಿಂಗ್ಟನನು ಅದರಲ್ಲಿ ಸ್ವಲ್ಪ ಭಾಗದಿಂದ ಹಳ್ಳಿಗಳಲ್ಲಿ ಆರು ಚಿಕ್ಕ ಶಾಲೆಗಳನ್ನು ಕಟ್ಟಿಸುವದಕ್ಕೆ ಅಪ್ಪಣೆ ಕೇಳಿದನು. ಹೀಗೆ ಆ ದೊಡ್ಡ ಕೆಲಸವು ಆರಂಭವಾಯಿತು.

ಅದರ ಕ್ರಮವು ಗಮನಿಸತಕ್ಕದ್ದು. ಧನಿಕನ ಹಣವು ಎಂದಿಗೂ ಪೂರ್ಣ ಖರ್ಚನ್ನು ವಹಿಸುತ್ತಿರಲಿಲ್ಲ. ಊರವರು ಹಣದಿಂದಾಗಲಿ, ಭೂಮಿಯಿಂದಾಗಲಿ, ಮರದಿಂದಾಗಲಿ, ಮೈಕೆಲಸದಿಂದಾಗಲಿ ತಮ್ಮ ಪಾಲನ್ನು ಸಲ್ಲಿಸಬೇಕಾಗಿತ್ತು. ಸರಕಾರದ ಶಾಲಾ ಮಂಡಲಿಯೂ ತನ್ನ ಪಾಲನ್ನು ಕೊಟ್ಟು ಶಾಲೆಯನ್ನು ನಡಿಸಲು ಒಪ್ಪಬೇಕಾಗಿತ್ತು. ಯಾಕಂದರೆ ಒಬ್ಬ ಧನಿಕನು ಎಲ್ಲವನ್ನೂ ಕೊಟ್ಟುಬಿಟ್ಟರೆ ಸರಕಾರವು ತನ್ನ ಹೊಣೆಯಿಂದ ತಪ್ಪಿಸಿಕೊಳ್ಳುವುದು. ಆ ಹಳ್ಳಿಗಳಲ್ಲಿ ವಿದ್ಯುದ್ದೀಪವಿರಲಿಲ್ಲವಾದ್ದರಿಂದ ಹಗಲಿನ ಬೆಳಕು ಧಾರಾಳವಾಗಿ ಬೀಳುವಂತೆ ಎತ್ತರವಾದ ಕಿಟಕಿಗಳ ಸಾಲನ್ನಿಟ್ಟು ನಕ್ಷೆಗಳನ್ನು ಸಿದ್ಧಪಡಿಸಿದರು.

ಬಡ ಊರವರು ತಮ್ಮ ಪಾಲನ್ನು ಕೂಡಿಸಿದ ರೀತಿಯು ಕಲ್ಲೆದೆಯನ್ನೂ ಕರಗಿಸತಕ್ಕದ್ದು. ಕೆಲವರು ಕೋಳಿಗಳನ್ನೂ ಹಂದಿಗಳನ್ನೂ ಮಾರಿದರು. ಕೆಲವರು ಹತ್ತಿಯ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದು ಬೇರೆಯಾಗಿಟ್ಟರು. ಅಲಬಾಮಾದ ಒಂದು ಊರಿನ ಕೂಟದಲ್ಲಿ ಗುಲಾಮತನವನ್ನು ಕಂಡಿದ್ದ ಒಬ್ಬ ಮುದುಕನು ತನ್ನ ಜನ್ಮದ ಉಳಿತಾಯವಾದ 38 ಡಾಲರುಗಳನ್ನು ಜಿಡ್ಡುಹಿಡಿದ ಚೀಲದಿಂದ ಮೇಜಿನ ಮೇಲೆ ಸುರಿದು, ತನ್ನ ಮೊಮ್ಮಕ್ಕಳ ಮಕ್ಕಳಿಗೆ ಅವಕಾಶವು ದೊರೆಯಲೆಂದು ಕೊಟ್ಟನು.

1932ರ ತನಕ ಹದಿನೈದು ಸಂಸ್ಥಾನಗಳಲ್ಲಿ 4,977 ಶಾಲೆಗಳೂ, ಉಪಾಧ್ಯಾಯರ ಮನೆ ಮತ್ತು ಕೈಕೆಲಸದ ಶಾಲೆಗಳೂ ಕೂಡಿ 5,357 ಕಟ್ಟಡಗಳಾದವು. ಒಟ್ಟು ಖರ್ಚು 2 ಕೋಟಿ 84 ಲಕ್ಷ ಡಾಲರ್. ಇದರಲ್ಲಿ ರೋಸೆನ್‌ವಾಲ್ಡನ ನಿಧಿಯಿಂದ ಬಂದದ್ದು ಸುಮಾರು 43 ಲಕ್ಷ. ಕಪ್ಪು ಜನರೇ ಕೊಟ್ಟದ್ದು 47 ಲಕ್ಷ. ಮಿಕ್ಕದ್ದರಲ್ಲಿ ಬಹುಭಾಗವು ಸರಕಾರದ ತೆರಿಗೆಯಿಂದ ಬಂತು. ಕೋಟ್ಯಧೀಶನಿಗಿಂತ ಕೂಲಿಗಾರರೇ ಹೆಚ್ಚು ಕೊಟ್ಟರು. ಅವನು ಕೊಟ್ಟದ್ದು ಉಳಿತಾಯದಿಂದ, ಅವರು ಕೊಟ್ಟದ್ದು ಊಟದಿಂದ.

ಈ ಮನುಷ್ಯನನ್ನು ನಾವು ದೋಷವಿಲ್ಲದವನೆಂದು ಹೇಳುವುದಿಲ್ಲ. 1913ರಲ್ಲಿ ಇಲಿನಾಯ್ ಶಾಸನಸಭೆಯ ಒಂದು ಸಮಿತಿಯು ಅವನನ್ನು ಕರೆಯಿಸಿ, ಅವನ ಕಂಪೆನಿಯಲ್ಲಿ ದುಡಿಯುವ ಹುಡುಗಿಯರ ಅಲ್ಪ ಸಂಬಳದ ವಿಷಯವಾಗಿ ವಿಚಾರಿಸಿತು. ಅಲ್ಪ ಸಂಬಳಕ್ಕೂ ಸ್ತ್ರೀಯರು ದುರ್ಮಾರ್ಗಕ್ಕೆ ಬೀಳುವದಕ್ಕೂ ಸಂಬಂಧವಿಲ್ಲವೆಂದು ಅವನು ವಾದಿಸಿದನು. ದೂರದ ಬಡವರಿಗೆ ನ್ಯಾಯವನ್ನು ಬಯಸಿದವನು ತನ್ನ ಬಾಗಲೊಳಗಿನ ಬಡವರಿಗೆ ಇಂಥ ಉತ್ತರವನ್ನು ಕೊಟ್ಟದ್ದು ವಿಚಾರಮಾಡತಕ್ಕ ಸಂಗತಿಯು. 1916ರಲ್ಲಿ ಕಂಪೆನಿಯ ಲಾಭದಲ್ಲಿ ನೌಕರರಿಗೂ ಪಾಲು ಸಿಕ್ಕುವ ಏರ್ಪಾಡಾಯಿತು; 1929ರಲ್ಲಿ ಷೇರುಗಳ ಬೆಲೆಯು ಬಿದ್ದಾಗ ಸಾಲದಲ್ಲಿ ಸಿಕ್ಕಿಬಿದ್ದ ನೌಕರರಿಗೆ ಅವನು ತನ್ನ ಸ್ವಂತ ಆಸ್ತಿಯಿಂದ ಹೊಣೆಯಾದನು. ಇನ್ನೊಂದು ಕೊರತೆಯೂ ಉಂಟು. ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸಿದ ಕಾನೂನನ್ನು ಈ ಶಾಲೆಗಳು ಮುರಿಯದೆ ಅದರೊಳಗೇ ನಡೆದವು. ಮೊದಲೇ ತೆರಿಗೆ ತೆತ್ತಿದ್ದ ಬಡವರು ಒಂದೇ ಶಾಲೆಗಾಗಿ ಎರಡನೆಯ ಸಾರಿ ತೆರಬೇಕಾಯಿತು.

ಆದರೂ ಅವನಲ್ಲಿ ಎರಡು ಅಪೂರ್ವ ಗುಣಗಳಿದ್ದವು. ಮೊದಲನೆಯದು, ಹೆಸರನ್ನು ಬಯಸದಿರುವುದು. ಶಿಕಾಗೋದ ವಿಜ್ಞಾನ ಮತ್ತು ಕೈಗಾರಿಕೆಗಳ ವಸ್ತುಸಂಗ್ರಹಾಲಯಕ್ಕೆ ಮೂವತ್ತು ಲಕ್ಷ ಡಾಲರ್ ಕೊಡುವೆನೆಂದು ಮುಂದೆ ಬಂದವನು, ಅದಕ್ಕೆ ತನ್ನ ಹೆಸರನ್ನಿಡಬಾರದೆಂದು ಹಟಹಿಡಿದನು. ಎರಡನೆಯದು, ಸತ್ತ ಮೇಲೂ ಹಣವನ್ನು ಆಳದಿರುವುದು. 1917ರಲ್ಲಿ ತಾನು ಸ್ಥಾಪಿಸಿದ ನಿಧಿಯ ಬಡ್ಡಿಯನ್ನು ಮಾತ್ರವಲ್ಲ, ಅಸಲನ್ನು ಸಹ ತನ್ನ ಮರಣದ ತರುವಾಯ ಇಪ್ಪತ್ತೈದು ವರುಷಗಳೊಳಗೆ ಖರ್ಚುಮಾಡಿ ಮುಗಿಸಬೇಕೆಂದು ಅವನು ವಿಧಿಸಿದನು. ಪ್ರತಿಯೊಂದು ತಲೆಮಾರಿನ ಧನಿಕರು ತಮ್ಮ ಕಾಲದ ಕೊರತೆಗಳಿಗೆ ತಾವೇ ಹೊಣೆಯೆಂಬುದು ಅವನ ಮತವಾಗಿತ್ತು. 1932ನೆಯ ಇಸವಿ ಜನವರಿ 6ರಲ್ಲಿ ಅವನು ತೀರಿಕೊಂಡನು. ಜೀವಮಾನದಲ್ಲಿ ಅವನು ಕೊಟ್ಟದ್ದು ಆರು ಕೋಟಿ ಡಾಲರಿಗೂ ಹೆಚ್ಚು. ನಿಧಿಯು ಅವನ ಇಷ್ಟದಂತೆ, ಗಡುವಿಗೆ ಮುಂಚೆಯೇ, 1948ರಲ್ಲಿ ಮುಗಿದುಹೋಯಿತು.

1954ರಲ್ಲಿ ಅಮೇರಿಕಾದ ಅತ್ಯುನ್ನತ ನ್ಯಾಯಾಲಯವು ಬೇರ್ಪಟ್ಟ ಶಾಲೆಗಳು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪುಕೊಟ್ಟಿತು. ಕಾಲಕ್ರಮದಲ್ಲಿ ರೋಸೆನ್‌ವಾಲ್ಡ್ ಶಾಲೆಗಳು ಮುಚ್ಚಿಹೋದವು. ಆದರೆ ಅವುಗಳಲ್ಲಿ ಓದಿದ ಮಕ್ಕಳು ಉಳಿದರು. ಸಮಾನ ಹಕ್ಕುಗಳಿಗಾಗಿ ಹೋರಾಡಿದ ಜಾನ್ ಲೂಯಿಸನೂ, ಲೇಖಕಿಯಾದ ಮಾಯಾ ಏಂಜೆಲೋ ಎಂಬಾಕೆಯೂ ಇಂಥ ಶಾಲೆಗಳ ಮಕ್ಕಳೇ.

ಪ್ರಿಯ ವಾಚಕರೇ, ನಮ್ಮಲ್ಲಿ ಕೋಟ್ಯಧೀಶರು ಇಲ್ಲ. ಆದರೂ ಪ್ರತಿಯೊಂದು ಊರಿನಲ್ಲಿಯೂ ಮಿಕ್ಕವರಿಗಿಂತ ಹೆಚ್ಚುಳ್ಳವನು ಒಬ್ಬನಿದ್ದೇ ಇರುತ್ತಾನೆ. ಅವನ ಕಣಜವನ್ನು ತುಂಬಿಸಿದ ಕೈಗಳು ಯಾರವೆಂದು ಅವನು ಲೆಕ್ಕ ಹಾಕಿ ನೋಡಲಿ. ಕೊಡುವಾಗ ಆ ಲೆಕ್ಕವನ್ನೇ ಕೈಯಲ್ಲಿ ಹಿಡಿದುಕೊಳ್ಳಲಿ. ಇಲ್ಲದವರಾದರೋ, ಆ ಮುದುಕನ ಚೀಲವನ್ನು ನೆನಪಿಗೆ ತಂದುಕೊಳ್ಳಲಿ. ಅದು ಬರಿದಾದ ದಿವಸವೇ ಆ ಊರಿನಲ್ಲಿ ಶಾಲೆಗೆ ಅಸ್ತಿವಾರವು ಬಿತ್ತು.